ಹಲ್ಲಕ್ಕ ಸಾಲ ಮುಗಿಸಿದ್ದು

ಸ್ಪಿರಿಟ್ ದೀಪದ ಉರಿಯಲ್ಲಿ ಚಾಕುವಿನ ತುದಿ ಕಾಯಿಸಿ, ಗುಲಾಬಿ ಮೇಣದಲ್ಲಿ ಸಣ್ಣದೊಂದು ಗುಳಿ ಮಾಡಿ, ಅದರೊಳಗೆ ಅವಳು ಎಡಗಡೆಯ ಕೋರೆಹಲ್ಲನ್ನು ಒತ್ತಿ ನಿಲ್ಲಿಸಿದಳು. ಹಲ್ಲು ನೆಟ್ಟಗೆ ನಿಂತಿತು. ನೆಟ್ಟಗೆ ನಿಂತದ್ದು ಅವಳಿಗೆ ಸರಿಬರಲಿಲ್ಲ. ಚಾಕುವನ್ನು ಮತ್ತೆ ಕಾಯಿಸಿ ಬುಡಕ್ಕೆ ತಾಗಿಸಿ ಕೂದಲೆಳೆಯಷ್ಟು ಹೊರಳಿಸಿದಳು. ಈಗ ಅದು ಯಾರದೋ ಬಾಯಲ್ಲಿ ಅರ್ಧ ಆಯುಸ್ಸು ಕಳೆದ ಹಲ್ಲಿನ ಹಾಗೆ ಕಂಡಿತು. ಚಾಕು ಕೆಳಗಿಟ್ಟು, ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಳು. ಒಂದೊಂದು ಹಲ್ಲಿಗೂ ಒಂದೊಂದು ಸಲ ಹೀಗೆ ಕೂರುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಅವಳ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ಡಾಕ್ಟರರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದರಲ್ಲಿ ಪ್ಲಾಸ್ಟರ್ ದವಡೆ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಮೇಣದ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಕನ್ನಡಕದಂಗಡಿಯ ಹಿಂದೆ, ಮೆಟ್ಟಿಲ ಕೆಳಗಿನ ಕೋಣೆ ಅವಳದು. ಬೀದಿಗೆಲ್ಲ ಅವಳು ಹಲ್ಲಕ್ಕ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಹಲ್ಲು ಕಟ್ಟಿಸಿಕೊಳ್ಳುವ ವಯಸ್ಸಿಗೆ ಬಂದು ಸುಮ್ಮನಾಗಿದ್ದಾರೆ.

ಆ ಕೋಣೆಯನ್ನೂ ಅದರೊಳಗಿನ ಯಂತ್ರಗಳನ್ನೂ ಕೊಳ್ಳಲು ಅವಳು ಹದಿನೈದು ವರ್ಷದ ಅವಧಿಗೆ ಸಾಲ ಎತ್ತಿದ್ದಳು. ಮೆಟ್ಟಿಲ ಕೆಳಗಿನ ಗೂಡನ್ನು ಅಡಮಾನಕ್ಕೆ ಹಿಡಿಯಲು ಸಾಲದ ಕಂಪನಿ ಒಪ್ಪಲಿಲ್ಲ. ಆಗ ಅಣ್ಣ ತನ್ನ ಮನೆಯ ಪತ್ರ ತಂದು ಮೇಜಿನ ಮೇಲಿಟ್ಟ. "ನನ್ನ ಮನೆ ಎಲ್ಲಿಗೂ ಓಡಿಹೋಗಲ್ಲ, ಇಟ್ಕೊಳ್ಳಿ," ಎಂದಿದ್ದ. ಹಾಗೆ ಸಾಲ ತಂಗಿಯದಾಯಿತು, ಒತ್ತೆ ಅಣ್ಣನದಾಯಿತು. ಚುಚ್ಚಿ ಆಡುವ ಮಾತು ಅತ್ತಿಗೆಯದಾಯಿತು.

ಅಣ್ಣ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಊರಿನ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಜನರನ್ನು ಮೇಲೆ ಕೆಳಗೆ ಆಡಿಸಿದವನ ಸ್ವಂತ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಎರಡೂ ಮೊಣಕಾಲು ಸವೆದ ಮೇಲೆ ಆ ಗಾದೆ ಹೇಳುವುದು ನಿಂತಿತು. ಈಗ ಎದುರು ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಸಿಕ್ಕಿದೆ. ಇದನ್ನು ಮಾರಿ ಅದನ್ನು ಕೊಳ್ಳಬೇಕು. ಇದನ್ನು ಮಾರಲು ಪತ್ರ ಕೈಯಲ್ಲಿರಬೇಕು. ಆ ಮನೆಯವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ.

ಹಲ್ಲಕ್ಕನ ಲೆಕ್ಕಕ್ಕೆ ಇದು ಹೊಂದಿಕೊಂಡೇ ಬಂದಿತ್ತು. ಮಣಿಕಟ್ಟು ನೋಡಿದ ಡಾಕ್ಟರು, ಆರು ತಿಂಗಳು ಈ ಕೈಗೆ ಕೆಲಸ ಕೊಡಬೇಡಿ, ಇಲ್ಲದಿದ್ದರೆ ಆಮೇಲೆ ಕೈಯೇ ಕೆಲಸ ಮಾಡುವುದಿಲ್ಲ ಎಂದಿದ್ದರು. ದೊಡ್ಡ ಲ್ಯಾಬೊಂದರಲ್ಲಿ ಸಂಬಳಕ್ಕಿದ್ದ ಒಬ್ಬ ಗಂಡಸು ಅವಳ ಕೋಣೆಯನ್ನು ಯಂತ್ರಗಳ ಸಮೇತ ಕೊಳ್ಳಲು ಮುಂದೆ ಬಂದಿದ್ದ. ಬೀದಿಯಲ್ಲಿ ಆಗಲೇ ಅವನಿಗೆ ಹೊಸಬ ಎಂದು ಹೆಸರು ಬಿದ್ದಿತ್ತು. ಅವನ ದುಡ್ಡಿನಲ್ಲಿ ಸಾಲ ತೀರಿಸಿ ಅಣ್ಣನ ಪತ್ರ ಬಿಡಿಸುವುದು, ಮಿಕ್ಕದ್ದರಲ್ಲಿ ಆರು ತಿಂಗಳು ಕೈ ಕಟ್ಟಿ ಕೂರುವುದು. ಇದು ಅವಳ ಯೋಜನೆ. ಕೈ ಕಟ್ಟಿ ಕೂರುವವರನ್ನು ಬಯ್ಯುತ್ತಲೇ ಬೆಳೆದವಳಿಗೆ ಆ ಮಾತು ಈಗ ಸಿಹಿಯಾಗಿ ಕೇಳುತ್ತಿತ್ತು.

ಅವಳ ಲೆಕ್ಕದಲ್ಲಿ ಇನ್ನೊಂದು ಅಂಶವಿತ್ತು, ಅದು ಅವಳ ಕಸುಬಿನಿಂದ ಬಂದದ್ದು. ವಸಡಿನ ಪ್ಲಾಸ್ಟಿಕ್ಕು ಬೇಯುವಾಗ ಸ್ವಲ್ಪ ಕುಗ್ಗುತ್ತದೆ. ಅದಕ್ಕಾಗಿ ತುಂಬುವಾಗಲೇ ಚೂರು ಹೆಚ್ಚು ತುಂಬಬೇಕು. ಕುಗ್ಗಿದ ಮೇಲೆ ಅಳತೆಗೆ ಬರುತ್ತದೆ. ಈ ಅಭ್ಯಾಸ ಬೆಂಚು ಇಳಿದು ಅವಳ ಬದುಕಿಗೂ ಬಂದಿತ್ತು. ಅವಳ ಚಪ್ಪಲಿ ಒಂದು ಅಳತೆ ದೊಡ್ಡದು. ಹಿಡಿಯಬೇಕಾದ ಬಸ್ಸಿಗಿಂತ ಮುಂಚಿನ ಬಸ್ಸಿಗೇ ಹೊರಡುವಳು. ಸಾಲದ ಕಂತನ್ನೂ ಹಾಗೆಯೇ ಕಟ್ಟಿದ್ದಳು: ತಿಂಗಳು ತಿಂಗಳೂ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು. "ಇರಲಿ, ಕುಗ್ಗೋದಕ್ಕೆ," ಎಂದು ಕಟ್ಟುವ ಕಿಟಕಿಯಲ್ಲಿ ಹೇಳಿದರೆ ಅಲ್ಲಿದ್ದವರು ನಕ್ಕು ತೆಗೆದುಕೊಳ್ಳುತ್ತಿದ್ದರು. ಆ ಹೆಚ್ಚಿನದು ಅಸಲನ್ನು ತಿನ್ನುತ್ತಾ ಬಂದಿದೆ, ಕರಾರಿನ ಪ್ರಕಾರ ಎರಡು ವರ್ಷ ಉಳಿದಿದ್ದರೂ ನಿಜವಾಗಿ ಉಳಿದಿರುವುದು ಬಾಲ ಮಾತ್ರ ಎಂದು ಅವಳು ನಂಬಿದ್ದಳು. ಯಾರೂ ಹಾಗೆಂದು ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಸಾಲದ ಕಂಪನಿಯ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅಲ್ಲಿ ಲಿಫ್ಟ್ ಇತ್ತು, ಅದರ ಬಾಗಿಲು ಎರಡು ಸಲ ಮುಚ್ಚಲು ಹೋಗಿ ಮೂರನೆಯ ಸಲಕ್ಕೆ ಮುಚ್ಚಿತು. ಅಣ್ಣನಾಗಿದ್ದರೆ ಇಷ್ಟು ಹೊತ್ತಿಗೆ ಸ್ಕ್ರೂಡ್ರೈವರ್ ಕೇಳುತ್ತಿದ್ದ ಎಂದುಕೊಂಡಳು. ಟೋಕನ್ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಎದುರಿನ ಗೋಡೆಯ ಚಿತ್ರದಲ್ಲಿ ಗಂಡ ಹೆಂಡತಿ ಇಬ್ಬರು ಮಕ್ಕಳು ಮನೆಯೊಂದರ ಮುಂದೆ ನಗುತ್ತಿದ್ದರು. ನಾಲ್ವರಿಗೂ ಒಂದೇ ಬಣ್ಣದ ಹಲ್ಲು.

ಕರೆ ಬಂದ ಮೇಲೆ ಕೂತದ್ದು ಐವತ್ತರ ಆಸುಪಾಸಿನ ಒಬ್ಬ ಅಧಿಕಾರಿಯ ಮುಂದೆ. ಮನುಷ್ಯರ ಮುಖದಲ್ಲಿ ಅವಳ ಕಣ್ಣು ಮೊದಲು ಹೋಗುವುದು ಬಾಯಿಗೆ. ಇವನ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು, ಅಕ್ಕಪಕ್ಕದವಕ್ಕಿಂತ ಬೆಳ್ಳಗೆ. ಅದನ್ನು ಮರೆಮಾಡಲು ಅವನು ಮೇಲ್ತುಟಿ ಬಿಗಿಹಿಡಿದು ಮಾತಾಡುತ್ತಿದ್ದ.

"ಸಾಲ ಮುಗಿಸ್ಬೇಕು ಸರ್," ಎಂದಳು.

"ಒಳ್ಳೇದು ಮೇಡಂ. ಮುಗಿಸೋಣ." ಅವನು ಕಂಪ್ಯೂಟರಿನ ಕಡೆ ತಿರುಗಿದ. ಕೀಲಿಮಣೆ ಕುಟ್ಟಿದ. "ಇನ್ನೂ ಎರಡು ವರ್ಷ ಇದೆಯಲ್ಲ."

"ಅದು ಕರಾರಿನಲ್ಲಿ. ನಾನು ಪ್ರತಿ ತಿಂಗಳೂ ಜಾಸ್ತಿ ಕಟ್ಟಿದ್ದೀನಿ."

"ಹೌದು, ಕಟ್ಟಿದ್ದೀರಿ. ಅದು ಇಲ್ಲಿ ಬೇರೆ ನಿಂತಿದೆ."

"ಬೇರೆ ಅಂದ್ರೆ?"

"ಅಸಲಿಗೆ ಸೇರಿಲ್ಲ. ಹೆಚ್ಚುವರಿ ಅಂತ ಪಕ್ಕಕ್ಕೆ ಇಟ್ಟಿದ್ದಾರೆ. ಅಸಲಿಗೆ ಹಾಕ್ಕೊಳ್ಳಿ ಅಂತ ನೀವು ಒಂದು ಅರ್ಜಿ ಕೊಡ್ಬೇಕಿತ್ತು."

"ಇಷ್ಟು ವರ್ಷ ಕಿಟಕೀಲಿ ತಗೊಂಡ್ರಲ್ಲ. ಯಾರೂ ಅರ್ಜಿ ಕೇಳ್ಲಿಲ್ಲ."

"ದುಡ್ಡು ಬೇಡ ಅಂತ ಯಾರು ಹೇಳ್ತಾರೆ ಮೇಡಂ," ಎಂದ ಅವನು. ಹೇಳಿದ ಮೇಲೆ ಅವನಿಗೂ ಆ ಮಾತು ಅಷ್ಟು ಚೆನ್ನಾಗಿ ಕಾಣಲಿಲ್ಲ. "ಎಲ್ಲೂ ಹೋಗಿಲ್ಲ ಬಿಡಿ. ಈಗ ಅದನ್ನ ಕಳೀತೀವಿ. ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೇ ಬಿದ್ದಿದೆ."

ಅವಳು ಮಣಿಕಟ್ಟು ಹಿಡಿದುಕೊಂಡಳು. ಅವನು ಒಂದು ಹಾಳೆ ಮುದ್ರಿಸಿ ಅವಳ ಕಡೆ ತಿರುಗಿಸಿ, ಪೆನ್ನಿನ ಹಿಂಬದಿಯಿಂದ ಒಂದೊಂದೇ ಸಾಲು ತೋರಿಸಿದ. ಉಳಿದ ಅಸಲು. ಈ ತಿಂಗಳ ಬಡ್ಡಿ. ಅದರ ಕೆಳಗೆ ಅವಧಿಗೆ ಮುಂಚೆ ಮುಗಿಸುವ ಶುಲ್ಕ. ಅದರ ಕೆಳಗೆ, ಪತ್ರಗಳನ್ನು ಇಟ್ಟಿರುವ ಉಗ್ರಾಣದಿಂದ ತರಿಸುವ ಶುಲ್ಕ. ಅದರ ಕೆಳಗೆ ಅಡಮಾನ ತೆಗೆದದ್ದನ್ನು ನೋಂದಣಿ ಮಾಡಿಸುವ ಶುಲ್ಕ.

"ಮುಂಚೆ ಮುಗಿಸೋದಕ್ಕೆ ದಂಡ ಯಾಕೆ ಸರ್? ತಡ ಮಾಡಿದ್ರೆ ದಂಡ ಹಾಕೋದು ಕೇಳಿದ್ದೀನಿ."

"ತಡಕ್ಕೂ ಇದೆ, ಮುಂಚೆಗೂ ಇದೆ. ಎರಡು ವರ್ಷದ ಬಡ್ಡಿ ಬರುತ್ತೆ ಅಂತ ಕಂಪನಿ ಲೆಕ್ಕ ಹಾಕಿರುತ್ತೆ. ನೀವು ಈಗಲೇ ಮುಗಿಸಿದ್ರೆ ಅದು ಹೋಯ್ತಲ್ಲ."

"ಹಾಗಾದ್ರೆ ಉಳಿದಿದ್ದರ ಮೇಲೆ ತಾನೇ ಹಾಕ್ಬೇಕು? ಉಳಿದಿರೋದೇ ಇಷ್ಟು. ಶುಲ್ಕ ನೋಡಿದ್ರೆ ಹೆತ್ತವಳಿಗಿಂತ ಕೂಸೇ ದೊಡ್ಡದಿದೆ."

ಅಧಿಕಾರಿಗೆ ನಗು ಬಂತು, ತುಟಿ ಬಿಗಿಹಿಡಿದು ತಡೆದ. "ಉಳಿದಿದ್ದರ ಮೇಲೆ ಅಲ್ಲ ಮೇಡಂ. ಮೊದಲು ಕೊಟ್ಟ ಪೂರ್ತಿ ಸಾಲದ ಮೇಲೆ. ಕರಾರಿನಲ್ಲೇ ಇದೆ. ಎಲ್ಲರದ್ದೂ ಹೀಗಿರಲ್ಲ, ನಿಮ್ಮದು ಹೀಗಿದೆ. ನೀವೂ ನಿಮ್ಮಣ್ಣಾವರೂ ರುಜು ಹಾಕಿದ್ದೀರಿ."

ಅವಳು ರುಜು ಹಾಕಿದ್ದು ನಿಜ. ಅಣ್ಣ ಪಕ್ಕದಲ್ಲಿ ನಿಂತು, ಎಲ್ಲೆಲ್ಲಿ ಎಂದು ಕೇಳಿ ಕೇಳಿ ಹಾಕಿದ್ದೂ ನಿಜ. ಅಂದು ಇಬ್ಬರಿಗೂ ಸಾಲ ಸಿಕ್ಕೀತೇ ಎಂಬ ಭಯವಿತ್ತು. ಸಾಲ ಮುಗಿಸುವ ದಿನದ ಬಗ್ಗೆ ಯೋಚಿಸುವಷ್ಟು ಧೈರ್ಯ ಯಾರಿಗಿತ್ತು? ಅವಳು ಹಣವನ್ನು ಅಳೆಯುವುದು ಹಲ್ಲಿನ ಸೆಟ್ಟುಗಳಲ್ಲಿ. ಹಾಳೆಯ ಮೂರು ಶುಲ್ಕಗಳನ್ನು ಮನಸ್ಸಿನಲ್ಲೇ ಸೆಟ್ಟುಗಳಾಗಿ ಮಾಡಿದಳು. ಇಳಿದಿದೆ ಎಂದುಕೊಂಡು ಇಳಿಯದೆ ಉಳಿದ ಬಡ್ಡಿಯನ್ನೂ ಸೇರಿಸಿದಳು. ಆರು ತಿಂಗಳು ಕೈ ಕಟ್ಟಿ ಕೂರಲು ಇಟ್ಟುಕೊಂಡಿದ್ದ ದುಡ್ಡು ಹೆಚ್ಚುಕಡಿಮೆ ಅಷ್ಟೇ ಇತ್ತು.

"ಮುಗಿಸದೆ ಹೋದ್ರೆ?" ಎಂದಳು.

"ಅದೇ ನಾನು ಹೇಳೋಣ ಅಂತಿದ್ದೆ." ಅವನು ದನಿ ತಗ್ಗಿಸಿದ. "ಸುಮ್ನೆ ಕಂತು ಕಟ್ಕೊಂಡು ಹೋಗಿ. ನಿಮ್ಮ ಹೆಚ್ಚುವರಿ ದುಡ್ಡೇ ಎಷ್ಟೋ ಕಂತಿಗೆ ಆಗುತ್ತೆ. ಅವಧಿ ಮುಗಿದ ದಿನ ಬನ್ನಿ, ಮುಗಿಸೋ ಶುಲ್ಕ ಒಂದು ಬಿಡಿಗಾಸಿಲ್ಲ. ಬುದ್ಧಿವಂತರು ಅದನ್ನೇ ಮಾಡ್ತಾರೆ."

"ಪತ್ರ?"

"ಪತ್ರ ಆಗಲೇ ಬರೋದು."

ಅವಳು ಎದ್ದಳು. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, "ಆ ಹಲ್ಲು ಎಲ್ಲಿ ಕಟ್ಟಿಸಿದ್ರಿ?" ಎಂದು ಕೇಳಿದಳು.

ಅವನ ಕೈ ಬಾಯಿಗೆ ಹೋಯಿತು. "ಯಾಕೆ?"

"ಬಿಳಿ ಬಣ್ಣ ಒಂದು ಮಟ್ಟ ಕಮ್ಮಿ ಹಾಕ್ಬೇಕಿತ್ತು. ಬದಲಾಯಿಸಿಕೊಡೋಕೆ ಹೇಳಿ."

"ಅದಕ್ಕೆ ಮತ್ತೆ ದುಡ್ಡು ಕೇಳ್ತಾರೆ."

"ಕೇಳೇ ಕೇಳ್ತಾರೆ," ಎಂದು ಅವಳು ಹೊರಟಳು.

ಬಸ್ಸಿನಲ್ಲಿ ಕೂತಾಗ ಅವಳ ಮನಸ್ಸು ಬುದ್ಧಿವಂತರ ಕಡೆಗೇ ಇತ್ತು. ಎರಡು ವರ್ಷ ಏನು ಮಹಾ. ಕೋಣೆ ಮಾರಿದ ದುಡ್ಡಿನಲ್ಲಿ ಕಂತು ತಾನಾಗಿ ಹೋಗುತ್ತಿರುತ್ತದೆ, ಕೈ ವಾಸಿಯಾಗುತ್ತದೆ. ಅಣ್ಣನಿಗೆ ಈ ಮನೆ ತಪ್ಪಿದರೆ ಇನ್ನೊಂದು ಸಿಕ್ಕೀತು. ಅವನೇನು ಬೇಡವೆನ್ನುವವನಲ್ಲ. ಬೇಡವೆನ್ನಲು ಬಾರದ ಅಣ್ಣನಿಗೆ ಹೇಗೆ ಹೇಳಬೇಕು ಎಂಬುದನ್ನು ಎರಡು ಮೂರು ರೀತಿಯಲ್ಲಿ ಜೋಡಿಸಿ ನೋಡಿದಳು. ಯಾವುದೂ ಸರಿಯಾಗಿ ಕೂರಲಿಲ್ಲ.

ಅಣ್ಣನ ಕಟ್ಟಡದ ಬಾಗಿಲಲ್ಲಿ ಕಾಲಿಟ್ಟಾಗ ಮೇಲಿನಿಂದ ಸರಕ್, ಸರಕ್ ಎಂದು ಸದ್ದು ಕೇಳಿಸಿತು. ಯಾರೋ ಮೂಟೆ ಎಳೆದು ಇಳಿಸುತ್ತಿದ್ದಾರೆ ಎಂದುಕೊಂಡು ಗೋಡೆಗೆ ಸರಿದು ಹತ್ತಿದಳು. ಮೊದಲ ಮಹಡಿಯ ತಿರುವಿನಲ್ಲಿ ಅಣ್ಣ ಸಿಕ್ಕ. ಅವನು ಮೆಟ್ಟಿಲ ಮೇಲೆ ಕೂತಿದ್ದ. ಎರಡೂ ಅಂಗೈ ಊರಿ, ಸೊಂಟ ಎತ್ತಿ, ಒಂದು ಮೆಟ್ಟಿಲು ಕೆಳಗೆ ಕೂತ. ಮತ್ತೆ ಅಂಗೈ ಊರಿದ. ಪ್ಯಾಂಟಿನ ಹಿಂದೆ ಹಳೆಯ ಚಾಪೆಯ ತುಂಡೊಂದನ್ನು ದಾರದಿಂದ ಕಟ್ಟಿಕೊಂಡಿದ್ದ. ಅವನ ಹಿಂದೆ ಅತ್ತಿಗೆ, ಒಂದು ಕೈಯಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಕೋಲು.

"ಬಾ ಬಾ," ಎಂದ ಅಣ್ಣ, ಹಬ್ಬದ ಮನೆಯ ಬಾಗಿಲಲ್ಲಿ ನಿಂತವನ ಹಾಗೆ. "ನೋಡು, ಹೊಸ ಲಿಫ್ಟ್. ಕರೆಂಟ್ ಬೇಡ, ಗ್ರೀಸ್ ಬೇಡ."

"ಎಷ್ಟು ದಿನದಿಂದ ಹೀಗೆ?"

"ಇಳಿಯೋದಕ್ಕೆ ಮಾತ್ರ. ಹತ್ತೋವಾಗ ನಡೀತೀನಿ."

"ನಡೀತಾರೆ," ಎಂದಳು ಅತ್ತಿಗೆ. "ಮಹಡಿಗೊಂದು ಸಲ ಕೂತು, ಈ ಕಟ್ಟಡ ಕಟ್ಟಿದವನ ವಂಶ ಜಾಲಾಡಿಕೊಂಡು. ನಿನ್ನೆ ಕೆಳಗಿನ ಮನೆಯವರು ಬಾಗಿಲು ತೆಗೆದು, ಏನಾದ್ರೂ ಬೇಕಿತ್ತಾ ಅಂತ ಕೇಳಿದ್ರು. ಹೊಸ ಮಂಡಿ ಇದ್ರೆ ಒಂದು ಜೊತೆ ಕೊಡಿ ಅಂದ್ರು ಇವರು."

ಅಣ್ಣ ಆ ತಿರುವಿನಲ್ಲೇ ಬೆನ್ನು ಗೋಡೆಗೆ ಕೊಟ್ಟು ಉಸಿರು ಎಳೆದುಕೊಳ್ಳಲು ಕೂತ. ಅತ್ತಿಗೆ ಹಲ್ಲಕ್ಕನ ತೋಳು ಹಿಡಿದು ಐದಾರು ಮೆಟ್ಟಿಲು ಕೆಳಗೆ ಕರೆದುಕೊಂಡು ಹೋದಳು.

"ಪತ್ರ ಯಾವಾಗ ಬರುತ್ತೆ?"

ಹಲ್ಲಕ್ಕ ಚೀಲದಿಂದ ಹಾಳೆ ತೆಗೆದು ಕೊಟ್ಟಳು. ಅತ್ತಿಗೆಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ಹಾಳೆಯನ್ನು ತೋಳುದ್ದ ಹಿಡಿದು, "ಹೇಳೇ ಬಾಯಲ್ಲಿ," ಎಂದಳು. ಹಲ್ಲಕ್ಕ ಹೇಳಿದಳು. ಕುಗ್ಗಲೆಂದು ಕಟ್ಟಿದ್ದು ಪಕ್ಕಕ್ಕೆ ನಿಂತದ್ದು, ಮುಂಚೆ ಮುಗಿಸಿದರೆ ಶುಲ್ಕ, ಎರಡು ವರ್ಷ ಕಾದರೆ ಇಲ್ಲ ಎಂಬುದು, ಎಲ್ಲ.

"ಈಗ ಕಟ್ಟಿದ್ರೆ ನಿನ್ನ ಕೈಲಿ ಏನುಳಿಯುತ್ತೆ?"

"ಕೈ ಉಳಿಯುತ್ತೆ. ಕೆಲಸಕ್ಕೆ ಬರೋದು ಎಷ್ಟು ದಿನವೋ ಗೊತ್ತಿಲ್ಲ."

ಹದಿಮೂರು ವರ್ಷ ಈ ಅತ್ತಿಗೆ ಸುಮ್ಮನಿದ್ದವಳಲ್ಲ. ನೆಂಟರು ಬಂದಾಗಲೆಲ್ಲ, "ನಮ್ಮ ಮನೆ ನೋಡಿ, ಗೋಡೆ ನಮ್ಮದು, ಪತ್ರ ನಾದಿನಿಯ ಹಲ್ಲಿನ ಸಂದಿಯಲ್ಲಿ," ಎಂದು ತೋರಿಸಿದವಳು. ಈಗ ಬಯ್ಗುಳ ಬರುತ್ತದೆ ಎಂದು ಹಲ್ಲಕ್ಕ ಕಾದಳು. ಅತ್ತಿಗೆ ಹಾಳೆಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು, ಮತ್ತೆ ಮಡಿಸಿದಳು.

"ಅವರಿಗೆ ಇದನ್ನ ಹೇಳ್ಬೇಡ," ಎಂದಳು ಕೊನೆಗೆ. "ಹೇಳಿದ್ರೆ ಬೇಡ ಅಂತಾರೆ. ತಂಗಿ ಕೈ ಮುಖ್ಯ ಅಂತಾರೆ. ಅವರು ಬೇಡ ಅಂದ್ರೆ ನಾನು ಈ ಚಪ್ಪಲಿ ಹಿಡ್ಕೊಂಡು ಇನ್ನೆರಡು ವರ್ಷ ಹಿಂದೆ ಹಿಂದೆ ಇಳೀಬೇಕು. ನನಗೂ ಅರವತ್ತಾಯ್ತು. ನಾನು ಕೆಟ್ಟವಳು ಅನ್ಕೋ. ಅನ್ಕೊಂಡೇ ಇದ್ದೀಯ, ಹೊಸದೇನಲ್ಲ."

"ಇಷ್ಟು ದಿನ ಅನ್ಕೊಂಡಿದ್ದೆ," ಎಂದಳು ಹಲ್ಲಕ್ಕ.

"ಈಗ?"

"ಈಗ ಸುಸ್ತು, ಅತ್ತಿಗೆ. ಏನೂ ಅನ್ಕೊಳ್ಳೋಕಾಗಲ್ಲ."

ಅತ್ತಿಗೆಗೆ ನಗು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೇಲಿನಿಂದ ಅಣ್ಣ, "ಏನು ಗುಸುಗುಸು? ನನ್ನ ಮಾರಾಟದ ಬಗ್ಗೆನಾ? ಕಾಲು ಬಿಟ್ಟು ಮಿಕ್ಕಿದ್ದಕ್ಕೆ ಒಳ್ಳೆ ಬೆಲೆ ಬರುತ್ತೆ," ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಸರಕ್ ಸದ್ದು ಮತ್ತೆ ಶುರುವಾಯಿತು. ಇಬ್ಬರು ಹೆಂಗಸರೂ ಗೋಡೆಗೆ ಸರಿದು ಅವನಿಗೆ ದಾರಿ ಬಿಟ್ಟರು. ಅವನು ತಂಗಿಯ ಪಕ್ಕದ ಮೆಟ್ಟಿಲಿಗೆ ಬಂದಾಗ ತಲೆ ಎತ್ತಿ, "ಪತ್ರದ ಕತೆ ಏನಾಯ್ತು?" ಎಂದ.

"ತಿಂಗಳ ಕೊನೆಯೊಳಗೆ ಬರುತ್ತೆ ಅಣ್ಣ."

"ತೊಂದರೆ ಏನಿಲ್ಲ ತಾನೆ?"

"ಏನಿಲ್ಲ. ಉಗ್ರಾಣದಿಂದ ತರಿಸ್ಬೇಕಂತೆ."

"ಹದಿಮೂರು ವರ್ಷ ಉಗ್ರಾಣದಲ್ಲಿತ್ತಾ? ನನಗಿಂತ ಆರಾಮಾಗಿದೆ ಬಿಡು," ಎಂದು ಅಂಗೈ ಊರಿದ.

ಮರುದಿನ ಹೊಸಬ ಬಂದ. ಯಂತ್ರಗಳನ್ನು ಒಂದೊಂದೇ ಆನ್ ಮಾಡಿ ಕಿವಿಗೊಟ್ಟು ಕೇಳಿದ. ಹೊಳಪಿನ ಚಕ್ರ ಅಲುಗುತ್ತಿದೆ ಎಂದ. ಅಲುಗುವುದು ಅದಲ್ಲ, ಬೆಂಚು ಎಂದು ಅವಳು ಒಂದು ಕಾಲಿನ ಕೆಳಗೆ ರಟ್ಟು ಮಡಿಸಿಟ್ಟು ತೋರಿಸಿದಳು. ಬೆಲೆಯ ಮಾತು ಹಿಂದೆಯೇ ಆಗಿತ್ತು, ಅದನ್ನು ಅವನು ಮುರಿಯಲಿಲ್ಲ, ಅವಳೂ ಏರಿಸಲಿಲ್ಲ. ಅವನು ಬೀಗದ ಕೈ ಕೇಳುವ ಹೊತ್ತಿಗೆ ಅವಳು ಕೇಳಿದಳು:

"ಹಲ್ಲು ಜೋಡಿಸೋಕೆ ಜನ ಇದಾರಾ ನಿಮಗೆ?"

"ನೋಡ್ತಿದ್ದೀನಿ. ಯಾಕೆ, ಯಾರಾದ್ರೂ ಇದಾರಾ ಅಕ್ಕ?"

"ನಾನಿದ್ದೀನಿ."

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗದೆ ಇದ್ದುದನ್ನು ಕಂಡು ಸ್ಟೂಲಿನ ಮೇಲೆ ಕೂತ. "ಕೈ ನೋವು, ವಿಶ್ರಾಂತಿ ಅಂತೆಲ್ಲ ಹೇಳಿದ್ರಲ್ಲ."

"ಜೋಡಿಸೋದು ಮಾಡ್ತೀನಿ. ಉಜ್ಜೋದು, ಹೊಳಪು ಕೊಡೋದು ನೀವು ಮಾಡ್ಕೊಳ್ಳಿ. ಆ ಚಕ್ರದ ಮುಂದೆ ಮಾತ್ರ ನನ್ನ ಕೈ ತಡೆಯಲ್ಲ."

"ಸೆಟ್ಟಿಗೆ ಇಷ್ಟು ಅಂತ ಕೊಡ್ತೀನಿ," ಎಂದು ಅವನು ಒಂದು ದರ ಹೇಳಿದ. ದೊಡ್ಡ ಲ್ಯಾಬಿನಲ್ಲಿ ಹಲ್ಲು ಜೋಡಿಸುವವರಿಗೆ ಸಿಗುತ್ತಿದ್ದ ದರ ಅದೇ. ಅವನು ಮೋಸ ಮಾಡಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಅವಳು ದಿನಕ್ಕೊಂದು ಸಲವಾದರೂ ಯಾರದಾದರೂ ಬಾಯಿಂದ ಕೇಳುತ್ತಿದ್ದಳು. ಹಲ್ಲು, ಕಡಲೆ ಎರಡನ್ನೂ ಮಾರಿದವರ ಬಗ್ಗೆ ಗಾದೆ ಏನೂ ಹೇಳುವುದಿಲ್ಲ.

ಸಾಲ ಕಟ್ಟಿದ್ದು ಗುರುವಾರ. ಅಧಿಕಾರಿ ಹಾಳೆಗಳ ಮೇಲೆ ಮುದ್ರೆ ಒತ್ತಿ, ಇನ್ನೊಮ್ಮೆ ಯೋಚಿಸಿದ್ದೀರಾ ಎಂದು ಕೇಳಿದ. ಯೋಚಿಸಿದ್ದೇನೆ ಎಂದಳು. ಹೆಚ್ಚುವರಿ ಕಳೆದು, ಶುಲ್ಕಗಳು ಕೂಡಿ, ಕೊನೆಯ ಮೊತ್ತವನ್ನು ಕಿಟಕಿಯಲ್ಲಿ ಕಟ್ಟುವಾಗ ಅಭ್ಯಾಸಬಲದಿಂದ ಕೈ ಒಂದು ನೋಟು ಹೆಚ್ಚು ಕೊಟ್ಟಿತು. ಕಿಟಕಿಯ ಹೆಂಗಸು ಅದನ್ನು ಹಿಂದಕ್ಕೆ ತಳ್ಳಿ, "ಇದು ಜಾಸ್ತಿ," ಎಂದಳು. ಹದಿಮೂರು ವರ್ಷದಲ್ಲಿ ಆ ಕಿಟಕಿಯಿಂದ ವಾಪಸು ಬಂದ ಮೊದಲ ನೋಟು ಅದು. ಹಲ್ಲಕ್ಕ ಅದರಲ್ಲಿ ಬಸ್ಸಿಗೆ ಹೋಗದೆ ಆಟೋ ಹತ್ತಿದಳು.

ಪತ್ರ ತಿಂಗಳು ಮುಗಿಯಲು ಎರಡು ದಿನ ಇದ್ದಾಗ ಬಂತು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಅಕ್ಷರಕ್ಕೆ ತಾಗಿರಲಿಲ್ಲ. ಅಣ್ಣ ಅದನ್ನು ಮಡಿಲಲ್ಲಿಟ್ಟುಕೊಂಡು ತನ್ನ ಹಳೆಯ ರುಜುವನ್ನು ಹುಡುಕಿ, ಆಗ ಕೈ ಎಷ್ಟು ಗಟ್ಟಿ ಇತ್ತು ನೋಡು ಎಂದ. ತಂಗಿ ಹೊರಡುವಾಗ ಅತ್ತಿಗೆ ಬಾಗಿಲವರೆಗೆ ಬಂದು, "ಹೊಸ ಮನೆಯಿಂದ ನಿನ್ನ ಕೋಣೆ ಹತ್ತಿರ. ಮಧ್ಯಾಹ್ನದ ಊಟ ನಾನು ತರ್ತೀನಿ. ನೀನು ಬೇಯಿಸೋದು ಎಂಥದ್ದು ಅಂತ ನನಗೆ ಗೊತ್ತು," ಎಂದಳು. "ಇನ್ನು ಅದು ನನ್ನ ಕೋಣೆ ಅಲ್ಲ," ಎಂದು ಹಲ್ಲಕ್ಕ ಮೆಟ್ಟಿಲು ಇಳಿದಳು.

ಸೋಮವಾರ ಬೆಳಿಗ್ಗೆ ಹೊಸಬ ಬಾಗಿಲು ತೆಗೆದಾಗ ಅವಳು ಆಗಲೇ ಹೊರಗೆ ನಿಂತಿದ್ದಳು, ಮುಂಚಿನ ಬಸ್ಸಿಗೇ ಬಂದಿದ್ದರಿಂದ. ಬೆಂಚಿನ ಮೇಲೆ ಒಂದು ಮೇಲ್ದವಡೆ ಕಾದಿತ್ತು. ಅವಳು ಸ್ಪಿರಿಟ್ ದೀಪ ಹಚ್ಚಿ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು, ಮುಂದಿನ ಎರಡು ಹಲ್ಲುಗಳಿಂದ ಶುರುಮಾಡಿದಳು.